ಮಳೆ ಬರೋ ತನಕ ಹೊಲ ಹರಗಿ: ಕಾಯುವ ದಿನಗಳಲ್ಲಿ ದೇವರನ್ನು ನಂಬುವುದು ಹೇಗೆ

ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಫೋನ್ ತೆಗೆದು ಇಲಾಖೆಯ ವೆಬ್‌ಸೈಟ್ ನೋಡುವುದು. ಹಲ್ಲುಜ್ಜುವ ಮೊದಲು. ಪ್ರಾರ್ಥನೆಗೂ ಮೊದಲು. ಸರ್ಕಾರಿ ನೌಕರಿಯ ಪರೀಕ್ಷೆ ಪಾಸಾಗಿತ್ತು, ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂದಿತ್ತು. ಆಮೇಲೆ ಯಾರೋ ಕೋರ್ಟಿಗೆ ಹೋದರು, ಪಟ್ಟಿ ಅಲ್ಲೇ ನಿಂತಿತು. ಅದಾಗಿ ಮೂರು ವರ್ಷ ದಾಟಿದೆ. ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದರೆ, ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, "ಆರ್ಡರ್ ಬಂತೇನವಾ?"

ಇನ್ನೂ ಬಂದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಡ ಸೇರಿದವರು ಆ ಕಡೆಯಿಂದ ಕೂಗಿ ಹೇಳುವ ಮಾತಲ್ಲ ಇದು. ನಡುನೀರಿನಲ್ಲಿ ನಿಂತು ಬರೆಯುತ್ತಿದ್ದೇನೆ. ನೀವು ಮಗುವಿಗೆ ಕಾಯುತ್ತಿರಬಹುದು, ಮಗಳಿಗೆ ಒಳ್ಳೆ ಸಂಬಂಧಕ್ಕೆ, ಗಂಡ ಕುಡಿತ ಬಿಡುವುದಕ್ಕೆ, ಸ್ಕ್ಯಾನ್ ರಿಪೋರ್ಟಿಗೆ. ನಿಮ್ಮ ಭಾರ ನನ್ನದಕ್ಕಿಂತ ಜಾಸ್ತಿ ಇದ್ದೀತು. ಆದರೂ ಈ ಮೂರು ವರ್ಷದಲ್ಲಿ ಸತ್ಯವೇದ, ಅಂದರೆ ಬೈಬಲ್, ಓದುತ್ತಾ, ಅಪ್ಪನ ಹೊಲ ನೋಡುತ್ತಾ ಕಲಿತ ಕೆಲವು ಕೆಲಸಗಳಿವೆ. ಮಾಡಿ ನೋಡಬಹುದಾದ ಕೆಲಸಗಳು.

ಮೊದಲು ಒಂದು ಹಾಳೆ ತಗೊಳ್ಳಿ

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ನಿಮಗೆ ಏನು ಬೇಕು ಅಂತ ಬರೆಯಿರಿ. ಬಲಗಡೆ ದೇವರು ನಿಜವಾಗಿ ಏನು ಮಾತು ಕೊಟ್ಟಿದ್ದಾನೆ ಅಂತ ಬರೆಯಿರಿ. ಸುಲಭ ಅನ್ನಿಸುತ್ತೆ, ಅಲ್ವಾ? ನಾನು ಬರೆಯಲು ಕೂತಾಗ ಎಡಗಡೆ ಎರಡು ನಿಮಿಷದಲ್ಲಿ ತುಂಬಿತು. ಕೆಲಸ, ಅದೂ ಇಂಥ ಜಿಲ್ಲೆಯಲ್ಲೇ, ಇದೇ ವರ್ಷ. ಬಲಗಡೆ ಬರೆಯಲು ಕೂತರೆ ಪೆನ್ನು ಓಡಲಿಲ್ಲ. "ನಿನ್ನನ್ನು ಕೈಬಿಡುವುದಿಲ್ಲ" ಅನ್ನುವ ಮಾತಿತ್ತು. ದಿನದ ಅನ್ನದ ಮಾತಿತ್ತು. ಸರ್ಕಾರಿ ನೌಕರಿಯ ಮಾತು ಎಲ್ಲೂ ಇರಲಿಲ್ಲ. ನಾನೇ ಎಡಗಡೆಯದನ್ನು ಬಲಗಡೆ ತಂದು ಇಟ್ಟುಕೊಂಡಿದ್ದೆ. ಆಮೇಲೆ ದೇವರು ಮಾತಿಗೆ ತಪ್ಪಿದ ಅಂತ ಅಳುತ್ತಿದ್ದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ.

ಕಾಯುವವರ ವಾಟ್ಸ್ಆ್ಯಪ್‌ಗೆ ತಪ್ಪದೆ ಬರುವ ವಾಕ್ಯ ಒಂದಿದೆ: ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವ ಯೋಚನೆ ಒಳ್ಳೆಯದಕ್ಕೇ, ಕೆಡುಕಿಗಲ್ಲ ಅನ್ನುವ ಮಾತು. ಹಿಂದೆ ಸೂರ್ಯೋದಯದ ಚಿತ್ರ ಇರುತ್ತದೆ. ಒಂದು ಸಲ ಅದರ ಹಿಂದಿನ ವಾಕ್ಯವನ್ನೂ ಓದಿ. ಹತ್ತನೇ ವಾಕ್ಯದಲ್ಲಿ 70 ವರ್ಷ ಅಂತ ಇದೆ. ಅದು ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಬರೆದ ಕಾಗದ. ಅದನ್ನು ಓದಿಸಿ ಕೇಳಿದವರಲ್ಲಿ ಹೆಚ್ಚಿನವರು ವಾಪಸ್ ಹೋಗುವ ದಿನವನ್ನು ತಾವೇ ನೋಡುವ ಹಾಗಿರಲಿಲ್ಲ.

ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಬಾಬೆಲಿಗೆ ಹೋದದ್ದೆಲ್ಲಾ ವಾಪಸ್ ಬರುತ್ತೆ ಅನ್ನುತ್ತಾನೆ. ಬಾಬೆಲಿನ ಅಧೀನದ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಎಲ್ಲರೆದುರು ಮುರಿಯುತ್ತಾನೆ. ಜನಕ್ಕೆ ಯಾರ ಮಾತು ಹಿಡಿಸಿರಬಹುದು? ನನಗಂತೂ ಹನನ್ಯನದೇ ಹಿಡಿಸುತ್ತಿತ್ತು. ಆದರೆ ಅವನ ಮಾತು ಸುಳ್ಳಾಯಿತು, ಅದೇ ವರ್ಷ ಅವನು ತೀರಿಕೊಂಡ. ಈಗಲೂ "ಈ ತಿಂಗಳೊಳಗೆ ನಿನ್ನ ಬಾಗಿಲು ತೆರೆಯುತ್ತೆ" ಅಂತ ತಾರೀಖು ಸಮೇತ ಹೇಳುವವರಿದ್ದಾರೆ. ಅದರಲ್ಲೂ ಹೇಳಿದ ಮೇಲೆ ಕಾಣಿಕೆ ಕೇಳುವವರಿದ್ದರೆ, ಸುಮ್ನೆ ಎದ್ದು ಬನ್ನಿ.

ಹಾಳೆ ಬರೆದಾದ ಮೇಲೆ ಎಡಗಡೆಯದನ್ನು ಹರಿದು ಹಾಕಬೇಡಿ. ಬೇಕು ಅನ್ನುವುದು ತಪ್ಪಲ್ಲ. ಅದನ್ನು ಬೇಡಿಕೆ ಅಂತಲೇ ಕೇಳಿ. ಬಲಗಡೆಯದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಡಗಡೆಯದನ್ನು ಕೈ ಬಿಚ್ಚಿ ಹಿಡಿಯಿರಿ.

ದೂರು ಹೇಳಿ, ಗಟ್ಟಿಯಾಗಿಯೇ ಹೇಳಿ

ನಂಬಿಕೆ ಇರುವವರು ಗೊಣಗಬಾರದು ಅಂತ ನಮಗೆ ಭಾನುವಾರ ಶಾಲೆಯಿಂದಲೇ ಹೇಳಿಕೊಟ್ಟಿದ್ದಾರೆ. 13ನೇ ಕೀರ್ತನೆ ಓದಿದರೆ ಹಾಗೆ ಅನ್ನಿಸುವುದಿಲ್ಲ. ಆರೇ ವಾಕ್ಯ. ಮೊದಲ ಎರಡು ವಾಕ್ಯದಲ್ಲೇ "ಇನ್ನೂ ಎಲ್ಲಿಯ ತನಕ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಡುವಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಮಾತ್ರ ಭರವಸೆ. ನಾವು ನೇರ ಕೊನೆಯ ಎರಡಕ್ಕೆ ಹಾರುತ್ತೇವೆ. ಅದಕ್ಕೇ ಬಾಯಿ ಸ್ತೋತ್ರ ಹೇಳುತ್ತಿದ್ದರೂ ಹೊಟ್ಟೆಯೊಳಗೆ ಉರಿ ಹಾಗೇ ಇರುತ್ತದೆ.

ನಾನು ಮಾಡುವುದು ಹೀಗೆ. ರಾತ್ರಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ. ಮೊದಲು ದೂರು, ಆಮೇಲೆ ಬೇಡಿಕೆ, ಆಮೇಲೆ ದೇವರು ಹಿಂದೆ ಮಾಡಿದ್ದರಲ್ಲಿ ಒಂದು ನೆನಪು. ಇದೇ ಕ್ರಮದಲ್ಲಿ, ಬಾಯಿಬಿಟ್ಟು ಹೇಳುತ್ತೇನೆ. ಇನ್ನೊಂದು ಮಾತು, ಇದನ್ನು ಚರ್ಚ್ ಕನ್ನಡದಲ್ಲಿ ಹೇಳಬೇಡಿ. "ಪರಿಶುದ್ಧನಾದ ತಂದೆಯೇ, ನಿನ್ನ ಸನ್ನಿಧಾನಕ್ಕೆ" ಅಂತ ಶುರುವಾದರೆ ನನ್ನ ದೂರು ಅರ್ಧ ಅಲ್ಲೇ ಸತ್ತುಹೋಗುತ್ತೆ. ಮನೆ ಮಾತಿನಲ್ಲಿ "ಇನ್ನೂ ಎಷ್ಟು ದಿನಾ ಯಪ್ಪಾ?" ಅಂದರೆ ಮುಂದಿನ ಮಾತು ತಾನಾಗಿ ಬರುತ್ತದೆ.

ಕೆಲವು ರಾತ್ರಿ ಮೂರನೇ ಭಾಗ ಬರುವುದೇ ಇಲ್ಲ. ಬರದಿದ್ದರೆ ಬಿಡಿ, ಮಲಗಿ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ಪುಸ್ತಕದೊಳಗೆ ಇಟ್ಟಿದ್ದಾರಲ್ಲ.

ಉಪವಾಸ ಮಾಡುವವರಿಗೂ ಒಂದು ಮಾತು. ಉಪವಾಸ ಒಳ್ಳೆಯದು. ಆದರೆ ಡಿಸಿ ಆಫೀಸಿನ ಮುಂದೆ ಧರಣಿ ಕೂತ ಹಾಗೆ ದೇವರ ಮುಂದೆ ಕೂರಬೇಡಿ. ನಾನು ಕೂತಿದ್ದೆ. 21 ದಿನ. ಆರ್ಡರ್ ಬರಲಿಲ್ಲ, ಗ್ಯಾಸ್ಟ್ರಿಕ್ ಬಂತು.

ಹರಗುವ ಕೆಲಸ

ಯಾಕೋಬನ ಪತ್ರಿಕೆ 5:7ರಲ್ಲಿ ತಾಳ್ಮೆಗೆ ಉದಾಹರಣೆಯಾಗಿ ಒಬ್ಬ ರೈತ ಬರುತ್ತಾನೆ. ಅವನು ಮುಂಗಾರು ಹಿಂಗಾರು ಮಳೆಗೆ ಕಾಯುತ್ತಾನೆ ಅಂತ ನಮ್ಮ ಕನ್ನಡ ಸತ್ಯವೇದ ಹೇಳುತ್ತದೆ. ಅನುವಾದ ಮಾಡಿದವರಿಗೆ ಈ ಎರಡು ಪದ ಸಿಕ್ಕಾಗ ಖುಷಿಯಾಗಿರಬೇಕು. ತಿಂಗಳು ಮಾತ್ರ ಬೇರೆ. ಇಸ್ರಾಯೇಲ್ ದೇಶದಲ್ಲಿ ಬೇಸಿಗೆ ಪೂರ್ತಿ ಮಳೆಯೇ ಇಲ್ಲ. ಅಕ್ಟೋಬರ್ ನವೆಂಬರಿನ ಮೊದಲ ಮಳೆಗೆ ಗಟ್ಟಿ ನೆಲ ಮೆತ್ತಗಾಗಿ ಬಿತ್ತನೆ ಆಗುತ್ತದೆ. ಮಾರ್ಚ್ ಏಪ್ರಿಲ್‌ನ ಕೊನೆಯ ಮಳೆಗೆ ಕಾಳು ತುಂಬುತ್ತದೆ. ನಮ್ಮ ಮುಂಗಾರು ಜೂನ್‌ದು.

ಈ ವಾಕ್ಯವನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ರೈತ ಮಳೆ ಬರೋ ತನಕ ಜಗಲಿ ಮೇಲೆ ಕೂತಿರುತ್ತಾನೆ, ಅದೇ ತಾಳ್ಮೆ ಅಂದುಕೊಂಡಿದ್ದೆ. ರೈತನ ಮಗಳಾಗಿ ಹಾಗೆ ಅಂದುಕೊಂಡಿದ್ದಕ್ಕೆ ಈಗ ನಾಚಿಕೆ ಆಗುತ್ತದೆ.

ನಮ್ಮದು ಗದಗ ಕಡೆಯ ಎರೆ ಹೊಲ. ಕಪ್ಪು ಮಣ್ಣು. ಹಿಂಗಾರಿ ಬೆಳೆ ತೆಗೆಯುವ ಹೊಲವನ್ನು ಮುಂಗಾರಿನಲ್ಲಿ ಬಿತ್ತದೆ ಖಾಲಿ ಬಿಡುತ್ತಾರೆ. ರಸ್ತೆಯಲ್ಲಿ ಹೋಗುವವರಿಗೆ ಅದು ಪಾಳು ಬಿದ್ದ ಹಾಗೆ ಕಾಣುತ್ತದೆ. ಆದರೆ ಒಂದೊಂದು ಮಳೆ ಬಿದ್ದು ನೆಲ ಸ್ವಲ್ಪ ಆರಿದ ಮೇಲೆ ಅಪ್ಪ ಕುಂಟೆ ಹೂಡಿ ಹರಗುತ್ತಾರೆ, ಅಂದರೆ ಮೇಲಿನ ಮಣ್ಣನ್ನು ಕೆದಕಿ ಸಡಿಲ ಮಾಡುತ್ತಾರೆ. ಹರಗಿದರೆ ಕಳೆ ಸಾಯುತ್ತದೆ. ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಒಳಗಿನ ಹಸಿ ಆರುವುದಿಲ್ಲ. ಜೂನ್, ಜುಲೈ, ಆಗಸ್ಟ್ ಪೂರ್ತಿ ಇದೇ ಕೆಲಸ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಉತ್ತರಿ ಹಸ್ತ ಮಳೆ ಹೊತ್ತಿಗೆ, ಬಿಳಿಜೋಳ ಇಲ್ಲವೇ ಕಡಲೆ ಬಿತ್ತುತ್ತಾರೆ. ಆಮೇಲೆ ಮಳೆ ಹೆಚ್ಚೇನೂ ಬರುವುದಿಲ್ಲ. ಬೆಳೆ ಬಹಳಮಟ್ಟಿಗೆ ಒಳಗೆ ಉಳಿದ ಆ ಹಸಿಯ ಮೇಲೇ ಬರುತ್ತದೆ.

ಬಿತ್ತುವ ಮೊದಲು ಅಪ್ಪ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಮೇಲಿನ ಪುಡಿ ಮಣ್ಣು ಸರಿಸಿ, ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತಾರೆ. ಉಂಡೆ ಕಟ್ಟಿದರೆ ಹಸಿ ಇದೆ ಅಂತ. ಎರಡನೇ ವರ್ಷ ನಾನು ತೀರಾ ಕುಗ್ಗಿಹೋಗಿದ್ದಾಗ ಆ ಉಂಡೆಯನ್ನು ನನ್ನ ಕೈಗಿಟ್ಟು ಹೇಳಿದರು, "ಮಳಿ ನಮ್ಮ ಕೈಯಾಗಿಲ್ಲ ಯವ್ವಾ. ಹರಗೂದು ಐತಿ." ಉಪದೇಶ ಮಾಡಬೇಕು ಅಂತ ಹೇಳಿದ್ದಲ್ಲ ಅದು. ಮರುದಿನ ಕೂರಿಗೆ ಹೂಡಲು ಆಳು ಸಿಗುತ್ತಾರೋ ಇಲ್ಲವೋ ಅನ್ನುವ ಚಿಂತೆಯಲ್ಲಿದ್ದರು.

ಇದನ್ನು ಕೆಲಸಕ್ಕೆ ಇಳಿಸುವುದು ಹೇಗೆ? ನಿಮ್ಮ ಕಾಯುವ ವಿಷಯದಲ್ಲಿ ಯಾವುದು ಮಳೆ, ಯಾವುದು ಹರಗುವುದು ಅಂತ ಬೇರೆ ಮಾಡಿ. ನನಗೆ ಕೋರ್ಟಿನ ತೀರ್ಪು ಮಳೆ. ಓದು ಮರೆಯದ ಹಾಗೆ ನೋಡಿಕೊಳ್ಳುವುದು ಹರಗುವುದು. ಹಾಗಾಗಿ ಮನೆಯಲ್ಲೇ ಓಣಿಯ ಮಕ್ಕಳಿಗೆ ಟ್ಯೂಷನ್ ಶುರು ಮಾಡಿದೆ. ಸಂಬಂಧಕ್ಕೆ ಕಾಯುವವರಿಗೆ ಒಳ್ಳೆ ಮನುಷ್ಯ ಸಿಗುವುದು ಮಳೆ. ನಾಲ್ಕು ಜನರ ಹತ್ತಿರ ಹೇಳಿಡುವುದು, ಸಾಲ ತೀರಿಸಿಕೊಳ್ಳುವುದು, ಸಿಟ್ಟು ಕಡಿಮೆ ಮಾಡಿಕೊಳ್ಳುವುದು ಹರಗುವುದು. ಕಾಯಿಲೆಯವರಿಗೆ ವಾಸಿಯಾಗುವುದು ಮಳೆ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದು, ಚೆಕಪ್ಪಿಗೆ ತಪ್ಪದೆ ಹೋಗುವುದು ಹರಗುವುದು. ದೇವರನ್ನು ನಂಬಿದ್ದೇನೆ ಅಂತ ಔಷಧಿ ನಿಲ್ಲಿಸುವುದು ನಂಬಿಕೆ ಅಲ್ಲವೇ ಅಲ್ಲ. ಹೊಲವನ್ನು ಕಳೆಗೆ ಬಿಟ್ಟುಕೊಟ್ಟ ಹಾಗೆ ಅದು.

ಸೆರೆಯಲ್ಲಿದ್ದವರಿಗೆ ಯೆರೆಮೀಯ ಬರೆದ ಕಾಗದದಲ್ಲೂ ಇದೇ ಇದೆ. ಮನೆ ಕಟ್ಟಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮದುವೆ ಮಾಡಿಕೊಳ್ಳಿ, ನೀವಿರುವ ಊರಿಗಾಗಿ ಪ್ರಾರ್ಥಿಸಿ. ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ಕೂರಿ ಅಂತ ಹೇಳಲಿಲ್ಲ.

ಇನ್ನೊಬ್ಬರನ್ನು ಸಹಾಯ ಕೇಳುವುದೂ ಹರಗುವುದೇ. ಸೆರೆಮನೆಯಲ್ಲಿದ್ದ ಯೋಸೇಫ ಐಗುಪ್ತದ ಅರಸ ಫರೋಹನ ಪಾನದಾಯಕನಿಗೆ ನನ್ನ ವಿಷಯ ಸ್ವಲ್ಪ ಹೇಳು ಅಂತ ಕೇಳಿಕೊಂಡ. ಆ ಮನುಷ್ಯ ಮರೆತೇಬಿಟ್ಟ, ಎರಡು ವರ್ಷ ಹೋಯಿತು. ಆದರೂ ಕೊನೆಗೆ ಅವನ ಬಾಯಿಂದಲೇ ಯೋಸೇಫನ ಹೆಸರು ಹೊರಬಂತು.

ಅಡ್ಡದಾರಿ ಬಂದಾಗ

ಬಂದೇ ಬರುತ್ತದೆ. ನನಗೆ ಬಂದದ್ದು ಒಬ್ಬ ಏಜೆಂಟನ ರೂಪದಲ್ಲಿ. ಇಷ್ಟು ಲಕ್ಷ ಕೊಟ್ಟರೆ ಬೇರೆ ಕಡೆ ಪೋಸ್ಟಿಂಗ್ ಕೊಡಿಸುತ್ತೇನೆ ಅಂದ. ಮನೆಯಲ್ಲಿ ಎರಡು ದಿನ ಲೆಕ್ಕವನ್ನೂ ಹಾಕಿದೆವು, ಸುಳ್ಳು ಹೇಳುವುದಿಲ್ಲ.

ಅಬ್ರಹಾಮನ ಮನೆಯ ಕಥೆ ಗೊತ್ತಿರುವುದೇ. ದೇವರು ಸಂತಾನದ ಮಾತು ಕೊಟ್ಟಿದ್ದ, ಕಾನಾನಿಗೆ ಬಂದು ಹತ್ತು ವರ್ಷವಾದರೂ ಮಕ್ಕಳಿಲ್ಲ. ಹೆಂಡತಿ ಸಾರಯಳು ತನ್ನ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟಳು. ಆದಿಕಾಂಡ 16ನೇ ಅಧ್ಯಾಯದ ಕೊನೆಯ ವಾಕ್ಯದಲ್ಲಿ ಅವನಿಗೆ 86 ವರ್ಷ. 17ನೆಯದರ ಮೊದಲ ವಾಕ್ಯದಲ್ಲಿ 99. ಎರಡು ವಾಕ್ಯದ ನಡುವೆ 13 ವರ್ಷ. ಮಾತಿಲ್ಲ, ಕಥೆಯಿಲ್ಲ. ನನ್ನ ಪುಸ್ತಕದಲ್ಲಿ ಆ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ. ಆ ಅಡ್ಡದಾರಿಯಲ್ಲಿ ಹೆಚ್ಚು ನೋವು ತಿಂದವರು ಅಬ್ರಹಾಮ ಸಾರಯರಲ್ಲ, ಹಾಗರಳು ಮತ್ತು ಅವಳ ಮಗ. ನಾವು ಅವಸರ ಮಾಡಿದಾಗ ಬಿಲ್ ಕಟ್ಟುವವರು ಹೆಚ್ಚಾಗಿ ಬೇರೆ ಯಾರೋ ಆಗಿರುತ್ತಾರೆ. ಏಜೆಂಟನಿಗೆ ದುಡ್ಡು ಕೊಡಬೇಕಾದರೆ ಅಪ್ಪ ಎರಡು ಎಕರೆ ಅಡವಿಡಬೇಕಿತ್ತು.

ಇಸ್ರಾಯೇಲಿನ ಮೊದಲ ಅರಸ ಸೌಲನದು ಇನ್ನೂ ಹೊಟ್ಟೆ ಉರಿಸುವ ಕಥೆ. ಗಿಲ್ಗಾಲಿನಲ್ಲಿ ಪ್ರವಾದಿ ಸಮುವೇಲನಿಗಾಗಿ ಹೇಳಿದಂತೆ ಏಳು ದಿನ ಕಾದ. ಜನ ಒಬ್ಬೊಬ್ಬರೇ ಚದುರಿ ಹೋಗುತ್ತಿದ್ದರು. ತಡೆಯಲಾರದೆ ತಾನೇ ಬಲಿ ಅರ್ಪಿಸಿದ. ಅದು ಮುಗಿಯುತ್ತಿದ್ದ ಹಾಗೇ ಸಮುವೇಲ ಬಂದ.

ಅಡ್ಡದಾರಿಯೋ ಸರಿದಾರಿಯೋ ತಿಳಿಯದಿದ್ದರೆ ನನ್ನನ್ನು ನಾನೇ ಕೇಳಿಕೊಳ್ಳುವ ಪ್ರಶ್ನೆಗಳಿವೆ. ಇದನ್ನು ಸಭೆಯವರ ಮುಂದೆ ಮುಚ್ಚಿಡಬೇಕಾಗುತ್ತದಾ? ಇದರ ಬೆಲೆ ಯಾರು ಕೊಡುತ್ತಾರೆ? ಇವತ್ತು ಭಯ ಇಲ್ಲದಿದ್ದರೂ ಇದನ್ನೇ ಮಾಡುತ್ತಿದ್ದೆನಾ? ಏಜೆಂಟನ ವಿಷಯ ಮೊದಲ ಪ್ರಶ್ನೆಗೇ ಬಿದ್ದುಹೋಯಿತು.

ಚಿಂತೆಗೆ ಒಂದು ಟೈಮ್ ಇಡಿ

ಅರಣ್ಯದಲ್ಲಿ ಇಸ್ರಾಯೇಲ್ಯರು ಮನ್ನವನ್ನು, ಅಂದರೆ ದೇವರು ಅವರಿಗೆ ಕೊಟ್ಟ ಆಹಾರವನ್ನು, ಒಂದು ದಿನಕ್ಕಾಗುವಷ್ಟೇ ಕೂಡಿಸಬೇಕಿತ್ತು. ಮರುದಿನಕ್ಕೆ ಅಂತ ಎತ್ತಿಟ್ಟವರದು ಹುಳ ಬಿದ್ದು ನಾತ ಹೊಡೆಯಿತು. ನಾಳಿನ ಚಿಂತೆಯನ್ನು ಇವತ್ತೇ ತಂದು ಮನೆಯಲ್ಲಿ ಇಟ್ಟುಕೊಂಡರೂ ಹಾಗೇ ಆಗುತ್ತೆ.

ವೆಬ್‌ಸೈಟ್ ನೋಡುವುದನ್ನು ಈಗ ವಾರಕ್ಕೆ ಎರಡು ಸಲಕ್ಕೆ ಇಳಿಸಿದ್ದೇನೆ. ಮಂಗಳವಾರ, ಶುಕ್ರವಾರ, ಸಂಜೆ ಐದಕ್ಕೆ. ಆ ಗ್ರೂಪಿನಿಂದ, ಅಂದರೆ ದಿನಕ್ಕೆ ಇನ್ನೂರು ಮೆಸೇಜು ಬರುವ ಅಭ್ಯರ್ಥಿಗಳ ಗ್ರೂಪಿನಿಂದ, ಹೊರಗೆ ಬಂದೆ. ಮೊದಲ ವಾರ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಹೋದಾಗಲೆಲ್ಲಾ ಒಂದೇ ಸಾಲು ಹೇಳಿಕೊಂಡೆ: "ಇವತ್ತಿನದು ಇವತ್ತಿಗೆ ಕೊಡು." ನಿಜವಾಗಿ ತುರ್ತು ಸುದ್ದಿ ಇದ್ದರೆ ಓಣಿಯವರೇ ಓಡಿಬಂದು ಹೇಳುತ್ತಾರೆ. ಆ ನಂಬಿಕೆ ನನಗೆ ಪೂರ್ತಿ ಇದೆ.

ಜನರ ಜೊತೆ

ಕೇಳುವವರಿಗೆಲ್ಲಾ ಉತ್ತರ ಕೊಡುವ ಸಾಲ ನಿಮ್ಮ ಮೇಲಿಲ್ಲ. "ಬಂದ್ರೆ ನಿಮಗೇ ಮೊದಲು ಹೇಳ್ತೀನಿ ಆಂಟಿ, ಪ್ರಾರ್ಥನೆ ಮಾಡ್ರಿ" ಅಂತ ನಕ್ಕು ಮುಂದೆ ಹೋಗಿ. ಆದರೆ ಇಬ್ಬರನ್ನು ಮಾತ್ರ ಆರಿಸಿಕೊಳ್ಳಿ. ಬುದ್ಧಿ ಹೇಳುವವರಲ್ಲ, ಕೇಳಿಸಿಕೊಳ್ಳುವವರು. ಅವರ ಮುಂದೆ ಅಳಬಹುದು.

ಕಾಯುವವರ ಪಕ್ಕದಲ್ಲಿ ಇರುವವರಿಗೆ ಶೀಲೋವಿನ ದೇವಾಲಯಕ್ಕೆ ಬಂದ ಹನ್ನಳ ಕಥೆಯನ್ನು ನೆನಪಿಸಬೇಕು. ಮಕ್ಕಳಿಲ್ಲದ ದುಃಖಕ್ಕೆ ಅವಳು ತುಟಿ ಮಾತ್ರ ಅಲುಗಿಸುತ್ತಾ ಪ್ರಾರ್ಥನೆ ಮಾಡುತ್ತಿದ್ದಳು. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಗಂಡ ಎಲ್ಕಾನ ಹತ್ತು ಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವಾ ಅಂತ ಕೇಳಿದ್ದ. ಒಳ್ಳೆಯವನೇ, ಆದರೆ ಆ ಮಾತಿನಿಂದ ಯಾವ ಹೆಂಗಸಿಗೆ ಸಮಾಧಾನ ಆಗುತ್ತದೆ ಹೇಳಿ. "ದೇವರ ಸಮಯ ಬರುತ್ತೆ", "ನಿಮ್ಮಲ್ಲೇ ಏನೋ ಅಡ್ಡಿ ಇರಬೇಕು, ಪರೀಕ್ಷಿಸಿಕೊಳ್ಳಿ" ಅನ್ನುವವರು ಇದನ್ನು ಓದಿದರೆ, ದಯವಿಟ್ಟು ಮುಂದಿನ ಸಲ ಒಂದು ಡಬ್ಬಿ ಮಂಡಕ್ಕಿ ತಂದು ಸುಮ್ನೆ ಪಕ್ಕದಲ್ಲಿ ಕೂರಿ.

ಆ ಕಥೆಯಲ್ಲಿ ನನ್ನನ್ನು ಹಿಡಿದಿಟ್ಟದ್ದು ಇನ್ನೊಂದು ಸಣ್ಣ ವಿಷಯ. ಪ್ರಾರ್ಥನೆ ಮುಗಿಸಿ ಹೋಗಿ ಹನ್ನ ಊಟ ಮಾಡಿದಳು, ಆಮೇಲೆ ಅವಳ ಮುಖ ಬಾಡಿರಲಿಲ್ಲ ಅಂತ ಬರೆದಿದೆ. ಆಗಿನ್ನೂ ಅವಳು ಬಸುರಿಯಾಗಿರಲಿಲ್ಲ. ಏನೂ ಬದಲಾಗಿರಲಿಲ್ಲ. ಆದರೂ ಊಟ ಸೇರಿತು. ನಾನೀಗ ನನ್ನನ್ನು ಅಳೆದುಕೊಳ್ಳುವುದು ಅದರಿಂದಲೇ. ಪ್ರಾರ್ಥನೆ ಆದ ಮೇಲೆ ಎರಡು ರೊಟ್ಟಿ ಸೇರಿದರೆ ಆ ದಿನ ಪರವಾಗಿಲ್ಲ. ವಾರಗಟ್ಟಲೆ ಊಟ ನಿದ್ದೆ ಎರಡೂ ಸೇರದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ, ಪಾಸ್ಟರ ಹತ್ತಿರ ಹೋಗುವ ಹಾಗೇ ಡಾಕ್ಟರ ಹತ್ತಿರವೂ ಹೋಗಿ. ತಡ ಮಾಡಬೇಡಿ.

ಒಂದು ತಾರೀಖು ಗುರುತು ಮಾಡಿ

ದೇವರಿಗೆ ಗಡುವು ಕೊಡುವುದಕ್ಕಲ್ಲ. ನೀವು ಮತ್ತೊಮ್ಮೆ ಕೂತು ನೋಡುವುದಕ್ಕೆ. ಆ ದಿನ ನೀವು ಆರಿಸಿಕೊಂಡ ಆ ಇಬ್ಬರನ್ನು ಕರೆದು ಆ ಹಳೇ ಹಾಳೆಯನ್ನು ಹರಡಿಕೊಳ್ಳಿ. ಹೀಗೇ ಕಾಯುವುದಾ, ಬೇರೆ ದಾರಿ ಹಿಡಿಯುವುದಾ, ಬಿಡುವುದಾ ಅಂತ ಮಾತಾಡಿ. ಬೇರೆ ದಾರಿ ಹಿಡಿದರೆ ನಂಬಿಕೆ ಸೋತಿತು ಅಂತಲ್ಲ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಬಿಥೂನ್ಯಕ್ಕೆ ಹೊರಟಿದ್ದ, ಬಾಗಿಲು ಮುಚ್ಚಿತ್ತು. ತ್ರೋವಕ್ಕೆ ಇಳಿದ, ಅಲ್ಲಿಂದ ಮಕೆದೋನ್ಯಕ್ಕೆ ಹೋದ. ತನ್ನ ಶರೀರದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡವನಿಗೆ ಸಿಕ್ಕ ಉತ್ತರ, ನನ್ನ ಕೃಪೆ ನಿನಗೆ ಸಾಕು ಅನ್ನುವುದು. ಮುಳ್ಳು ಹೋಗಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದ ದೊಡ್ಡ ಹೆಸರುಗಳಲ್ಲೂ ಎಷ್ಟೋ ಜನ ವಾಗ್ದಾನವನ್ನು ದೂರದಿಂದ ನೋಡಿಯೇ ತೀರಿಕೊಂಡರು. ಇದನ್ನು ಸಾಕ್ಷಿ ಹೇಳುವ ಕೂಟಗಳಲ್ಲಿ ನಾವು ಹೇಳುವುದು ಕಡಿಮೆ. ಸಿಕ್ಕವರು ಮಾತ್ರ ಮೈಕಿನ ಮುಂದೆ ಬರುತ್ತಾರೆ.

ನನ್ನ ತಾರೀಖು ಮುಂದಿನ ಜೂನ್ ಕೊನೆ. ಅಷ್ಟರಲ್ಲಿ ಏನೂ ಆಗದಿದ್ದರೆ ಇಲ್ಲೇ ಒಂದು ಶಾಲೆಯಲ್ಲಿ ಸೇರುವ ಮಾತಾಗಿದೆ. ಸಂಬಳ ಕಡಿಮೆ. ಅಪ್ಪ ಹೂಂ ಅಂದಿದ್ದಾರೆ, ಅವ್ವ ಇನ್ನೂ ಅಂದಿಲ್ಲ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಶುಕ್ರವಾರ ಸಂಜೆ ನಾಲ್ಕೂವರೆ. ವೆಬ್‌ಸೈಟ್ ನೋಡಲು ಇನ್ನೂ ಅರ್ಧ ಗಂಟೆ ಇದೆ. ಅಂಗಳದಲ್ಲಿ ಮಕ್ಕಳ ಸೈಕಲ್ ಸದ್ದು ಕೇಳಿಸುತ್ತಿದೆ. ಇವತ್ತು ಭಿನ್ನರಾಶಿ ಪಾಠ, ರೊಟ್ಟಿ ಹರಿದು ತೋರಿಸುತ್ತೇನೆ ಅಂತ ಹೇಳಿದ್ದೆ.